ಲೈಫ್‌ಟೈಮ್ ನಂಬರು

ಗಂಡನ ಮನೆ ಬೇಡವೆಂದು ಅಕ್ಕ ಅರಕಲಗೂಡಿನಿಂದ ವಾಪಸಾದಾಗ ಅವಳ ಜೊತೆ ಬಂದದ್ದು ಒಂದು ಹೊಲಿಗೆ ಮೆಷಿನ್ನು ಮತ್ತು ಜನರ ಮಾತು. ಹೊಳೆನರಸೀಪುರದಲ್ಲಿ ಬೀದಿಗೆ ಬಾಗಿಲಿದ್ದ ಒಂದು ಕೋಣೆ ಬಾಡಿಗೆಗೆ ಹಿಡಿದು ರವಿಕೆ ಹೊಲಿಯಲು ಕೂತಳು. ನಾನಾಗ ಹಾಸನದಲ್ಲಿ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿದ್ದು ಬಿ.ಎಡ್. ಓದುತ್ತಿದ್ದೆ. ಶನಿವಾರ ಬಸ್ಸು ಹತ್ತಿ ಅವಳ ಬಳಿ ಹೋದರೆ ಕಾಜಾ, ಹುಕ್ಕು ಹಾಕಿಕೊಡುವುದು ನನ್ನ ಪಾಲಿನ ಕೆಲಸ.

ಅವಳ ಕೈ ಚೆನ್ನಾಗಿತ್ತು. ತೋಳು ಹಿಡಿಯುವುದಿಲ್ಲ, ಬೆನ್ನು ಸುಕ್ಕಾಗುವುದಿಲ್ಲ ಎಂದು ಬಾಯಿಂದ ಬಾಯಿಗೆ ಹೋಗಿ ದೇವಸ್ಥಾನದ ಬೀದಿಯ ಹೆಂಗಸರೂ ಬರತೊಡಗಿದರು. ಕಷ್ಟವಿದ್ದದ್ದು ಫೋನಿನದು. ಎಲ್ಲರಿಗೂ ಮನೆ ಮಾಲೀಕರ ನಂಬರನ್ನೇ ಕೊಟ್ಟಿದ್ದಳು. ಕರೆ ಬಂದರೆ ಯಜಮಾನಿ ಕಿಟಕಿಯಿಂದ, “ನಿಂದೇ ಕಣಮ್ಮ, ಇನ್ನೊಂದು” ಎಂದು ಕೂಗುವರು. ಅಕ್ಕ ಅವರ ನಡುಮನೆಯಲ್ಲಿ ನಿಂತು, ಟಿ.ವಿ. ನೋಡುತ್ತ ಕೂತ ಗಂಡಸರ ಎದುರು, ಯಾರದೋ ಎದೆಯಳತೆ ಮಾತಾಡಬೇಕು.

ಲೈಫ್‌ಟೈಮ್ ಸ್ಕೀಮು ಬಂದದ್ದು ಆಗ. ಬಸ್ ಸ್ಟ್ಯಾಂಡಿನ ಬಳಿಯ ಮೊಬೈಲ್ ಅಂಗಡಿಯವನು, “ಒಂದೇ ಸಲ ದುಡ್ಡು ಕಟ್ಟುದ್ರೆ ಆಯ್ತಕ್ಕ. ಇರೋಗಂಟ ಇನ್‌ಕಮಿಂಗ್ ಫ್ರೀ” ಎಂದ. ಸಾವಿರಕ್ಕೆ ಒಂದು ರೂಪಾಯಿ ಕಮ್ಮಿ. ಜಿಗ್‌ಜಾಗ್ ಮೆಷಿನ್ನಿಗೆಂದು ಕೂಡಿಟ್ಟಿದ್ದ ದುಡ್ಡಲ್ಲಿ ಅಕ್ಕ ಅದನ್ನು ಕೊಂಡಳು, ಒಂದು ಹಳೆಯ ಹ್ಯಾಂಡ್‌ಸೆಟ್ಟನ್ನೂ. ಬಾಗಿಲ ಮೇಲಿನ ಬೋರ್ಡಿನಲ್ಲಿ ನಂಬರು ಬರೆಸಿದಳು. ಅವಳಾಗಿ ಯಾರಿಗೂ ಕರೆ ಮಾಡುತ್ತಿರಲಿಲ್ಲ. ಬಟ್ಟೆ ಆಯಿತೆಂದು ಗಿರಾಕಿಗಳಿಗೆ ಒಂದು ಮಿಸ್ಡ್ ಕಾಲ್ ಕೊಡುವಳು, ಅವರೇ ಮಾಡುವರು. ಹೀಗೆ ಚೆನ್ನಾಗಿ ನಡೆದಿತ್ತು.

ಒಂದು ದಿನ ಫೋನಿನಲ್ಲಿ ಸಿಗ್ನಲ್ ಹೋಯಿತು. ಅಂಗಡಿಯವನು, “ಟವರ್ ಕೆಲ್ಸ ನಡೀತಾ ಅದೆ, ಮುಂದಿನ್ವಾರ ಬಾ” ಎಂದ. ಮುಂದಿನ ವಾರವೂ ಅದನ್ನೇ ಅಂದ. ಅಕ್ಕ ನಂಬಿದಳು. ತಿಂಗಳುಗಳು ಉರುಳಿದವು. ಹೊಸ ಗಿರಾಕಿಗಳು ನಿಂತರು. ಹಳಬರಲ್ಲೂ ಕೆಲವರು ಬೀದಿಯಲ್ಲಿ ಕಂಡರೆ ಮುಖ ತಿರುಗಿಸುತ್ತಿದ್ದರು. ಮದುವೆಯ ರವಿಕೆಗಳಿಗೆ ಬಟ್ಟೆ ಕೊಟ್ಟಿದ್ದ ಒಬ್ಬರು ಹೊಸ್ತಿಲಲ್ಲೇ ನಿಂತು, “ಕತ್ತರಿ ಆಕಿಲ್ಲ ತಾನೆ? ವಾಪಸ್ ಕೊಟ್ಬುಡವ್ವ. ನಮ್ದು ಮದ್ವೆ ಮನೆ” ಎಂದರು. ಏಕೆಂದು ಅಕ್ಕ ಕೇಳುವಷ್ಟರಲ್ಲಿ ಬಟ್ಟೆ ಕಂಕುಳಿಗಿಟ್ಟು ಹೊರಟರು.

ಕಾರಣ ಸಿಕ್ಕಿದ್ದು ನನಗೆ. ಸಿಗ್ನಲ್ ಬಂದಿರಬಹುದೆಂದು ಹಾಸ್ಟೆಲಿನ ಕಾಯಿನ್ ಫೋನಿನಿಂದ ಅವಳ ನಂಬರಿಗೆ ಮಾಡಿದೆ. ಗಂಡಸಿನ ದನಿ ಬಂತು. ನಮ್ಮಕ್ಕ ಬೇಕಿತ್ತು ಎಂದೆ.

“ನಿಮ್ಮಕ್ಕನಾ? ಇಲ್ಲೇ ನನ್ ಪಕ್ದಲ್ಲೇ ಮಲ್ಗವ್ಳೆ. ಎಬ್ಬುಸ್ಲಾ?”

ಹಿಂದೆ ಇನ್ಯಾರೋ ನಗುತ್ತಿದ್ದರು. ಬೋರ್ಡು ನೋಡಿ ಕರೆ ಮಾಡಿದ ಪ್ರತಿ ಹೆಂಗಸಿಗೂ ಅವನು ಇದನ್ನೇ ಹೇಳಿದ್ದಾನೆಂದು ರಿಸೀವರ್ ಇಡುವ ಮೊದಲೇ ತಿಳಿಯಿತು. ಗಂಡನನ್ನು ಬಿಟ್ಟವಳ ಬಗ್ಗೆ ಅಂಥ ಮಾತನ್ನು ನಂಬಲು ಊರಿಗೆ ಸಾಕ್ಷಿ ಬೇಕೆ.

ಅವತ್ತೇ ಬಸ್ಸು ಹತ್ತಿ ಹೋಗಿ ಅಕ್ಕನಿಗೆ ಹೇಳಿದಾಗ ಅವಳು ಅಳಲಿಲ್ಲ. ಮಾರನೆಯ ದಿನ ಇಬ್ಬರೂ ಹಾಸನಕ್ಕೆ, ಮೊಬೈಲ್ ಕಂಪನಿಯ ಆಫೀಸಿಗೆ ಹೋದೆವು. ಗಾಜಿನ ಬಾಗಿಲು, ತಣ್ಣನೆಯ ಗಾಳಿ. ಟೈ ಕಟ್ಟಿದ್ದ ಹುಡುಗ ಕಂಪ್ಯೂಟರ್ ನೋಡಿ, “ಆರು ತಿಂಗಳಿಗೊಂದು ಸಲನಾದ್ರೂ ರೀಚಾರ್ಜ್ ಮಾಡಿಸ್ಬೇಕಿತ್ತು ಮೇಡಂ. ಮಾಡಿಸಿಲ್ಲ, ಕಟ್ ಆಗಿದೆ. ನಂಬರ್ ಬೇರೆಯವರಿಗೆ ಹೋಗಿದೆ” ಎಂದ.

“ಇರೋಗಂಟ ಅಂದಿದ್ರಲ್ಲಪ್ಪ.”

“ಕಂಡೀಷನ್ಸ್ ಇರುತ್ತೆ ಮೇಡಂ. ಪ್ಯಾಕಿನ ಹಿಂದೆ ಇಂಗ್ಲಿಷಲ್ಲಿ ಹಾಕಿರ್ತಾರೆ.”

“ಅಂಗಾರೆ ನನ್ ದುಡ್ಡು ಕೊಡಿ.”

“ಪ್ರೀಪೇಯ್ಡ್‌ಗೆ ರೀಫಂಡ್ ಇರಲ್ಲ. ಹೊಸ ಸಿಮ್ ತಗೊಳಿ, ಒಳ್ಳೆ ಆಫರ್ ಇದೆ.”

ಅಕ್ಕ, “ದುಡ್ಡು ಬ್ಯಾಡ ಬುಡು. ಆ ನಂಬರಾದ್ರೂ ಅವನ್ತಾವಿಂದ ಕಿತ್ಕೊಡು. ಇಲ್ಲ ಅಂದ್ರೆ ಬಾಯಿ ಮುಚ್ಕೊಂಡಿರೋಕೆ ಅವನ್ಗೆ ಏಳು” ಎಂದಳು. ಹುಡುಗ ನಮ್ಮ ಹಿಂದಿದ್ದವರನ್ನು ಕರೆದ.

ನನ್ನ ಕಾಲೇಜಿನ ಮೇಷ್ಟ್ರೊಬ್ಬರು ಗ್ರಾಹಕರ ಕೋರ್ಟಿಗೆ ಹೋಗಿ ಎಂದು ಒಬ್ಬ ವಕೀಲರ ಬಳಿ ಕಳಿಸಿದರು. ಅವರು ಒಳ್ಳೆಯವರೇ. ಸಿಮ್ ಕೊಂಡ ಬಿಲ್ಲಿಲ್ಲದಿದ್ದರೂ ನೋಡೋಣ ಎಂದರು. ಆದರೆ ಆ ಗಂಡಸು ಏನೇನು ಅಂದ, ಯಾರ್ಯಾರಿಗೆ ಅಂದ, ಎಲ್ಲ ಬರೆದು ಸಹಿ ಹಾಕಬೇಕು, ಕೇಳಿದ ಹೆಂಗಸರು ಬಂದು ಹೇಳಬೇಕು ಎಂದರು. ಅಕ್ಕ ಎದ್ದು ನಿಂತಳು.

ಮೆಟ್ಟಿಲಿಳಿಯುತ್ತ, “ಆ ಎಂಗುಸ್ರು ಕಿವೀಲಿ ಕೇಳಿದ್ನ ನಾನೇ ಬರ್ದು ಕೋರ್ಟ್‌ಗೆ ಕೊಡ್ಲಾ? ಬ್ಯಾಡ ಕಣೆ” ಎಂದಳು. ನನಗೆ ಕಂಪನಿಗಿಂತ ಹೆಚ್ಚಾಗಿ ಆ ಹೆಂಗಸರ ಮೇಲೆ ಸಿಟ್ಟಿತ್ತು. ಈಗಲೂ ಇದೆ. ಅಳತೆ ಕೊಡಲು ಅವಳ ಮುಂದೆ ಸೆರಗು ಸರಿಸಿ ನಿಂತವರು ಒಂದು ಮಾತು ಅವಳನ್ನೇ ಕೇಳಬಹುದಿತ್ತು.

ಬೋರ್ಡಿನ ನಂಬರಿಗೆ ನಾನೇ ಬಣ್ಣ ಬಳಿದೆ. ಬಾಡಿಗೆ ಹುಟ್ಟದಾದಾಗ ಅಕ್ಕ ಕೋಣೆ ಖಾಲಿ ಮಾಡಿ ಹಾಸನದ ಗಾರ್ಮೆಂಟ್ಸ್ ಸೇರಿದಳು.

ಕೆಲವು ವರ್ಷಗಳ ಮೇಲೆ ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಹಳೆಯ ಗಿರಾಕಿಯೊಬ್ಬರು ಅವಳನ್ನು ಹಿಡಿದು ನಿಲ್ಲಿಸಿದರು. ನಾನೂ ಜೊತೆಗಿದ್ದೆ. “ನಿನ್ನಂಗೆ ಒಲ್ಯೋರೇ ಸಿಕ್ನಿಲ್ಲ ಕಣವ್ವ. ಆವಾಗ ಯಾರೋ ಏನೋ ಅಂದ್ರು, ನಾವೂ ದೂರ ಆದೋ. ಮಗಳ ಸೀಮಂತಕ್ಕೆ ಎರಡು ರವ್ಕೆ ಒಲ್ಕೊಡು” ಎಂದರು.

“ರವ್ಕೆ ಮರ್ತೋಗದೆ ಕಣಮ್ಮ. ಈಗ ಗಾರ್ಮೆಂಟ್ಸಲ್ಲಿ ಗಂಡಸ್ರ ಅಂಗೀಗೆ ಕಾಲರ್ ಒಂದೇ ಆಕೋದು ನಾನು” ಎಂದಳು ಅಕ್ಕ.

ಅದು ಸುಳ್ಳು. ನನ್ನ ರವಿಕೆಗಳನ್ನೆಲ್ಲ ಆಗಲೂ ಅವಳೇ ಹೊಲಿಯುತ್ತಿದ್ದಳು.