ಸಾಸಿವೆ ಡಬ್ಬಿಯ ಮಾತ್ರೆಗಳು

“ಮಾತ್ರೆ ಪೂರ್ತಿ ಕೊಟ್ರಾ?” ನಮ್ಮ ನಾಯಿ ರಾಜನ ಹೊಟ್ಟೆಯ ಮೇಲೆ ಮತ್ತೆ ಎದ್ದಿದ್ದ ಕೀವುಗುಳ್ಳೆಗಳನ್ನು ನೋಡಿ ಶ್ರೀನಿವಾಸಪುರದ ಪಶುವೈದ್ಯರು ಕೇಳಿದರು. ದಿನವೂ ಮುದ್ದೆಯೊಳಗಿಟ್ಟು ಮೂರು ವಾರ ನುಂಗಿಸಬೇಕಿದ್ದ ಆಂಟಿಬಯೋಟಿಕ್ ಅದು. ನಾನು ಅತ್ತೆಯ ಮುಖ ನೋಡಿದೆ.

“ವಾರಕ್ಕೇ ಗುಳ್ಳೆ ಒಣಗಿತ್ತಲ್ಲಪ್ಪ. ಮಿಕ್ಕಿದ್ದು ಮುಂದಕ್ಕಾಗ್ತವೆ ಅಂತ ಸಾಸಿವೆ ಡಬ್ಬೀಲಿ ಎತ್ತಿಟ್ಟೆ” ಎಂದರು ಅತ್ತೆ.

“ಅರ್ಧಕ್ಕೆ ನಿಲ್ಸಿದ್ರೆ ಔಷಧಿ ತಡ್ಕೊಳ್ಳೋಕೆ ಆ ಕ್ರಿಮಿಗಳಿಗೆ ನಾವೇ ಟ್ರೈನಿಂಗ್ ಕೊಟ್ಟಂಗೆ ಕಣಮ್ಮ!” ವೈದ್ಯರು ನಗುತ್ತಲೇ ರಾಜನನ್ನು ಮತ್ತೆ ಪರೀಕ್ಷಿಸಿ ಹೊಸ ಚೀಟಿ ಬರೆದರು.

ನಮ್ಮೂರು ಯಲ್ದೂರು ತಲುಪುವವರೆಗೂ ನಾನು ಅತ್ತೆಯನ್ನು ರೇಗಿಸುತ್ತಲೇ ಇದ್ದೆ. ಮನೆಗೆ ಬಂದವರೇ ಅವರು ಸಾಸಿವೆ ಡಬ್ಬಿಯನ್ನು ನನ್ನೆದುರು ಸುರಿದರು.

ರಾಜನದು ಒಂದೇ ಮಾತ್ರೆಪಟ್ಟಿ. ಮಿಕ್ಕವೆಲ್ಲ, ಜ್ವರ ಬಿಟ್ಟ ಮರುದಿನವೇ ನಾನು ನಿಲ್ಲಿಸಿದ್ದ ನನ್ನ ಆಂಟಿಬಯೋಟಿಕ್ ಮಾತ್ರೆಗಳು.