ಮೂರು ಪಾತ್ರಕ್ಕೆ ಒಂದೇ ಬೆನ್ನು

ನನ್ನ ಭಾವನ ಮುಖವನ್ನು ನೀವು ನೋಡಿರಲಾರಿರಿ. ಬೆನ್ನನ್ನು ನೋಡಿಯೇ ಇರುತ್ತೀರಿ. ಒಬ್ಬನೇ ನಟ ಅಪ್ಪನೂ ಆಗಿ ಮಗನೂ ಆಗಿ ಎದುರುಬದುರು ನಿಂತು ಜಗಳವಾಡುವ ಸಿನಿಮಾಗಳಿವೆಯಲ್ಲ, ಅಲ್ಲಿ ಒಂದು ಕಡೆ ನಟನ ಮುಖ ಕಾಣುವಾಗ ಇನ್ನೊಂದು ಕಡೆ ಬರೀ ಹಿಂದಲೆ, ಒಂದು ಭುಜ, ಅರ್ಧ ಬೆನ್ನು ಕಾಣುತ್ತದೆ. ಆ ಬೆನ್ನು ನನ್ನ ಭಾವನದು. ಸ್ಟುಡಿಯೋದಲ್ಲಿ ಅವರಿಗೆ ಬೆನ್ನಣ್ಣ ಎಂದೇ ಹೆಸರು. ಅಲ್ಲಿ ನಾನು ದರ್ಜಿ. ನನ್ನ ಅಕ್ಕನನ್ನು ಮದುವೆಯಾದ ಮೇಲೆ ನನಗೂ ಅದೇ ಸ್ಟುಡಿಯೋದಲ್ಲಿ ಕೆಲಸ ಕೊಡಿಸಿದವರು ಅವರೇ, ಹಾಗಾಗಿ ಅವರನ್ನು ಬೈಯುವ ಹಕ್ಕೂ ನನಗಿದೆ, ಹೊಗಳುವ ಹಂಗೂ ಇದೆ.

ಇಂಥ ಸಿನಿಮಾಗಳಿಗೆ ಪ್ರತಿ ಅಂಗಿಯನ್ನೂ ನಾನು ಎರಡೆರಡು ಹೊಲಿಯಬೇಕು. ಹೀರೋನ ಅಂಗಿಗೆ ಹಿಂದೆ ಮುಂದೆ ಎರಡೂ ಕಡೆ ಒಳ್ಳೆಯ ಬಟ್ಟೆ. ಭಾವನದಕ್ಕೆ ಹಿಂದೆ ಮಾತ್ರ. ಮುಂದಕ್ಕೆ ಲೈನಿಂಗಿನಲ್ಲಿ ಉಳಿದ ತುಂಡುಗಳನ್ನು ಜೋಡಿಸಿಬಿಡುತ್ತೇನೆ, ಕ್ಯಾಮೆರಾ ಅಲ್ಲಿಗೆ ಬರುವುದಿಲ್ಲವಲ್ಲ. ಹಿಂದಿನಿಂದ ನೋಡಿದರೆ ಜಮೀನ್ದಾರರು, ಮುಂದಿನಿಂದ ನೋಡಿದರೆ ಹಳೇ ದಿಂಬಿನ ಚೀಲ. ಅದೇ ವೇಷದಲ್ಲಿ ಕ್ಯಾಂಟೀನಿನಲ್ಲಿ ಕೂತು ಗಂಭೀರವಾಗಿ ಟೀ ಕುಡಿಯುತ್ತಿದ್ದರು. ನಾಚಿಕೆ ಎಂಬುದು ಅವರ ಹತ್ತಿರ ಸುಳಿದದ್ದನ್ನು ನಾನು ಕಂಡಿಲ್ಲ.

ಸಿನಿಮಾ ಬಿಡುಗಡೆಯಾದಾಗ ನಾವೆಲ್ಲ ಹೋಗುತ್ತಿದ್ದೆವು. ಜನ ಹೀರೋ ಬಂದಾಗ ಶಿಳ್ಳೆ ಹೊಡೆದರೆ ನಾವು ಬೆನ್ನು ಬಂದಾಗ ಚಪ್ಪಾಳೆ ತಟ್ಟುತ್ತಿದ್ದೆವು. ಪಕ್ಕದವರು ನಮಗೆ ತಲೆ ಕೆಟ್ಟಿದೆ ಎಂದುಕೊಳ್ಳುತ್ತಿದ್ದರು. ಅಕ್ಕ ಮಾತ್ರ, "ಮುಖ ಅಂತ ಒಂದಿರೋದು ಮನೆಯವರಿಗೆ. ಅದನ್ನೂ ಪೇಪರ್ ಹಿಂದೆ ಬಚ್ಚಿಟ್ಕೊಂಡಿರ್ತಾರೆ ನಿಮ್ಮ ಭಾವ," ಎಂದು ಗೊಣಗುತ್ತಿದ್ದಳು.

ಭಾವನಿಗೆ ಒಂದು ಚಾಳಿ ಇದೆ. ಮನಸ್ಸಿಲ್ಲದ ಮಾತಿಗೆ ಒಪ್ಪಬೇಕಾಗಿ ಬಂದರೆ ಎಡಗೈಯನ್ನು ತಲೆಯ ಹಿಂದಿನಿಂದ ತಂದು ಬಲಗಿವಿಯನ್ನು ಹಿಡಿದುಕೊಳ್ಳುತ್ತಾರೆ. ಆಮೇಲೆ "ಆಯ್ತು ಬಿಡಿ" ಎನ್ನುತ್ತಾರೆ. ಮನೆಯಲ್ಲಿ ನಮಗೆ ಇದು ಅಭ್ಯಾಸವಾಗಿತ್ತು. ಎಡವಟ್ಟಾದದ್ದು ಅದನ್ನು ಶೂಟಿಂಗಿಗೂ ಒಯ್ದಾಗ.

ಅದೊಂದು ತಮಿಳು ಚಿತ್ರ. ಅಪ್ಪ, ದೊಡ್ಡ ಮಗ, ಚಿಕ್ಕ ಮಗ, ಮೂವರೂ ಒಬ್ಬನೇ ಹೀರೋ. ತುಂಬಿದ ಮನೆ, ಸುತ್ತ ನೆಂಟರಿಷ್ಟರ ದಂಡು. ಅಪ್ಪನಾದ ಹೀರೋ, ಚಿಕ್ಕ ಮಗನಾದ ಭಾವನಿಗೆ, "ಈ ಮನೆ ನಿಮ್ಮಣ್ಣನಿಗಿರಲಿ ಕಣಪ್ಪ, ನೀನು ಬಿಟ್ಕೊಡು," ಎಂದು ಕೈ ಹಿಡಿದು ಕೇಳುವ ದೃಶ್ಯ. ಭಾವ ಸುಮ್ಮನೆ ನಿಂತರೆ ಸಾಕಿತ್ತು. ಆದರೆ ಆ ಮಾತು ಅವರಿಗೆ ನಿಜವಾಗಿ ನಾಟಿಬಿಟ್ಟಿತು. ಎಡಗೈ ತಾನಾಗಿ ಎದ್ದು ತಲೆಯನ್ನು ಬಳಸಿ ಬಲಗಿವಿಯನ್ನು ಹಿಡಿಯಿತು. ಎಲ್ಲರ ಕಣ್ಣೂ ಹೀರೋನ ಅಳುವಿನ ಮೇಲಿತ್ತು, ಯಾರೂ ಗಮನಿಸಲಿಲ್ಲ. ಸಂಜೆಗೆ ಸೆಟ್ಟನ್ನು ಕಿತ್ತು ಹಾಕಿದರು.

ಎಡಿಟಿಂಗ್ ಕೋಣೆಯಲ್ಲಿ ಸಿಕ್ಕಿಬಿತ್ತು. ಹಿಂದಿನಿಂದ ತೆಗೆದದ್ದರಲ್ಲಿ ಚಿಕ್ಕ ಮಗ ಕಿವಿ ಹಿಡಿದಿದ್ದಾನೆ. ಮುಂದಿನಿಂದ ಹೀರೋನ ಮುಖವನ್ನು ಹತ್ತಿರದಿಂದ ತೆಗೆಯುವುದು ಇನ್ನೂ ಬಾಕಿ, ಅದಕ್ಕೆ ಒಂದು ಗೋಡೆ ಸಾಕು. ಅಲ್ಲಿ ಹಿಡಿಯದಿದ್ದರೆ ಕೈ ಮಾಯವಾದಂತೆ ಕಾಣುತ್ತದೆ. ಹಿಂದಿನಿಂದ ತೆಗೆದದ್ದನ್ನೇ ಮತ್ತೆ ತೆಗೆಯೋಣವೆಂದರೆ ಮನೆಯೇ ಇಲ್ಲ. ನಿರ್ದೇಶಕರು ಭಾವನನ್ನು ಕರೆಸಿ ತಮಿಳಿನಲ್ಲಿ ಬೈದದ್ದನ್ನು ನಾನು ಇಲ್ಲಿ ಯಾವ ಭಾಷೆಯಲ್ಲೂ ಬರೆಯಲಾರೆ. ಬೈದು ಬೈದು ಸುಸ್ತಾದ ಮೇಲೆ ಅವರಿಗೇ ಒಂದು ಉಪಾಯ ಹೊಳೆಯಿತು. "ಇದು ಈ ಮನೆತನದ ಚಾಳಿ ಅಂತ ಮಾಡಿಬಿಡೋಣ. ಅಪ್ಪನೂ ಹಿಡೀಲಿ, ಮಕ್ಕಳಿಬ್ಬರೂ ಹಿಡೀಲಿ," ಎಂದರು.

ಹೀಗಾಗಿ ಅಷ್ಟು ದೊಡ್ಡ ಹೀರೋ ನನ್ನ ಹೊಲಿಗೆ ಕೋಣೆಗೆ ಬಂದು, ಇಸ್ತ್ರಿ ಮೇಜಿನ ಮುಂದೆ ಭಾವನನ್ನು ನಿಲ್ಲಿಸಿಕೊಂಡು, ಕಿವಿ ಹಿಡಿಯುವುದನ್ನು ಕಲಿತ. ಕಲಿತಾದ ಮೇಲೆ ಭಾವನ ಹೆಗಲ ಮೇಲೆ ಕೈಯಿಟ್ಟು, "ಇದು ಹೊರಗೆ ಹೋಗಬಾರದು. ಮೂವರೂ ನಾನೇ ಅಂತ ಜನ ನಂಬಬೇಕು," ಎಂದ. ಭಾವ ಮಾತು ಕೊಟ್ಟರು.

ಚಿತ್ರ ಬಿಡುಗಡೆಯಾಯಿತು. ಊರಿಗೆ ಊರೇ ಕಿವಿ ಹಿಡಿಯತೊಡಗಿತು. ಬಸ್ಸಿನ ಕಂಡಕ್ಟರ್ ಚಿಲ್ಲರೆ ಕೇಳಿದರೆ ಹುಡುಗರು ತಲೆ ಸುತ್ತ ಕೈ ಹಾಕಿ ಕಿವಿ ಹಿಡಿದು ಚಿಲ್ಲರೆ ಕೊಡುವರು. ನನಗೆ ಉರಿಯುತ್ತಿತ್ತು. ಭಾವ ಮಾತ್ರ ನಕ್ಕು ಸುಮ್ಮನಾಗುತ್ತಿದ್ದರು.

ಅದೇ ಸಮಯಕ್ಕೆ ಅವರ ಮಗಳ ಮದುವೆಯ ಮಾತು ಬಂತು. ಹುಡುಗ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದವನು. ಅವನೂ ನಮ್ಮ ಹುಡುಗಿಯೂ ಒಬ್ಬರನ್ನೊಬ್ಬರು ಒಪ್ಪಿ ಆಗಿತ್ತು. ಒಪ್ಪಬೇಕಾದವರು ಹುಡುಗನ ತಾಯಿ ಒಬ್ಬರೇ. ಗಂಡ ತೀರಿದ ಮೇಲೆ ಔಷಧದ ಅಂಗಡಿ ನಡೆಸಿಕೊಂಡು ಮಗನನ್ನು ಬೆಳೆಸಿದ ಹೆಂಗಸು, ಮಾತು ಮಾತ್ರೆಯಷ್ಟೇ ಚಿಕ್ಕದು, ಅಷ್ಟೇ ಕಹಿ. ಅವರು ಬೇಡವೆಂದರೆ ಮಗ ಮದುವೆಯಾಗುವವನಲ್ಲ ಎಂಬುದು ನಮ್ಮ ಹುಡುಗಿಗೆ ಗೊತ್ತಿತ್ತು. ಅವರು ಬರುವ ದಿನ ಬೆಳಗಿನಿಂದ ಅವಳು ಮನೆಯನ್ನು ಮೂರು ಸಲ ಗುಡಿಸಿದಳು.

ಆ ತಾಯಿ ಬಂದರು, ಕೂತರು, ಟೀ ಕುಡಿದರು. ಭಾವ ಸ್ಟುಡಿಯೋದಲ್ಲಿ ಕೆಲಸ ಮಾಡುತ್ತಾರೆ ಎಂದಷ್ಟೇ ಹೇಳಿದೆವು. ಎಲ್ಲ ಸರಿಯಾಗಿಯೇ ಇತ್ತು. ಕೊನೆಗೆ ಅವರು, "ಮದುವೆಗೆ ಮನೆಯವರಷ್ಟೇ ಸಾಕು. ನಿಮ್ಮ ಸಿನಿಮಾ ಜನ ಯಾರೂ ಬೇಡ," ಎಂದರು.

ಜೀವಮಾನವಿಡೀ ಸ್ಟುಡಿಯೋದವರ ಜೊತೆ ಉಂಡು ಬೆಳೆದ ಭಾವನಿಗೆ ಇದು ನುಂಗಲಾರದ ತುತ್ತು. ನಾನು ನೋಡುತ್ತಲೇ ಇದ್ದೆ. ಎಡಗೈ ಎದ್ದಿತು. ಕಾಲಿನಿಂದ ಅವರನ್ನು ತಿವಿದೆ, ಪ್ರಯೋಜನವಾಗಲಿಲ್ಲ. ಬಲಗಿವಿ ಹಿಡಿದು, "ಆಯ್ತು ಬಿಡಿ," ಎಂದುಬಿಟ್ಟರು.

ಆ ತಾಯಿ ಕಪ್ಪನ್ನು ಕೆಳಗಿಟ್ಟರು. "ನನ್ನ ಅಂಗಡಿಗೆ ಬರೋ ಪುಂಡರು ಇದನ್ನ ಮಾಡ್ತಾರೆ, ಸಹಿಸ್ಕೊತೀನಿ. ಮದುವೆ ಮಾತಾಡೋಕೆ ಕೂತಾಗ ಹೆಣ್ಣಿನ ಅಪ್ಪ ಹೀರೋನ ನಕಲು ಮಾಡಿ ತೋರಿಸ್ತಾರಲ್ಲ, ಏನನ್ಬೇಕು ಇದಕ್ಕೆ? ತಮಾಷೆ ಅಂದ್ಕೊಂಡ್ರಾ ನನ್ನ?" ಎಂದು ಎದ್ದು ಹೊರಟೇಬಿಟ್ಟರು.

ಭಾವನನ್ನು ನಕಲು ಮಾಡಿದವನನ್ನೇ ಭಾವ ನಕಲು ಮಾಡಿದರೆಂಬ ಅಪವಾದ! ನಾನು ಕುದಿದುಹೋದೆ. "ಹೇಳಿಬಿಡಿ ಭಾವ, ಅದು ನಿಮ್ಮದೇ ಅಂತ," ಎಂದೆ. ಮಗಳೂ ಅಳುತ್ತಾ, "ಹೇಳಪ್ಪ," ಎಂದಳು. ಭಾವ ತಲೆ ತಗ್ಗಿಸಿ, "ಮಾತು ಕೊಟ್ಟಿದ್ದೀನಮ್ಮ. ಹೇಳಿದ್ರೂ ಅವರು ನಂಬ್ತಾರಾ? ಯಾವ ಹುಚ್ಚನಾದ್ರೂ ಹಾಗೇ ಹೇಳ್ತಾನೆ," ಎಂದರು. ನಿಜವೇ. ಅದಕ್ಕೇ ನನಗೆ ಇನ್ನೂ ಸಿಟ್ಟು ಬಂತು.

ರಾಜಿ ಮಾಡಿಸಲಿಕ್ಕೆಂದು ಅಕ್ಕ ಭಾವನ ಸೋದರತ್ತೆಯನ್ನು ಕರೆಸಿದಳು. ಭಾವನ ಅಪ್ಪನ ತಂಗಿ, ಬಲು ದೂರದಲ್ಲಿದ್ದವರು. ಬಂದುಹೋಗುವುದೇ ಅಪರೂಪ. ಭಾವ ಕೂಸಾಗಿದ್ದಾಗಲೇ ಅಪ್ಪ ತೀರಿಕೊಂಡರು. ಆಮೇಲೆ ಗಂಡನ ಹೆಸರೆತ್ತಿದರೆ ಭಾವನ ಅಮ್ಮ ಕಣ್ಣೀರು ಹಾಕುತ್ತಿದ್ದರೆಂದು ಆ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಭಾವನ ಬಳಿ ಅಪ್ಪನದೆಂದು ಒಂದು ಫೋಟೋ ಕೂಡ ಇರಲಿಲ್ಲ.

ಅತ್ತೆ ವಿಷಯವನ್ನೆಲ್ಲ ಕೇಳಿ ಬಾಯಿ ಚಪ್ಪರಿಸಿದರು. "ಮದುವೆ ಮುರಿಯೋವಂಥ ಸಿನಿಮಾ ಏನಪ್ಪಾ ಅದು? ನಾನೂ ನೋಡ್ಬೇಕು. ಆ ಹೆಂಗಸನ್ನೂ ಕರೀರಿ," ಎಂದು ಹಟ ಹಿಡಿದರು. ವಯಸ್ಸಾದವರ ಮಾತು ತೆಗೆದುಹಾಕಲಾರದೆ ಹುಡುಗನ ತಾಯಿ ಬಂದರು. ಆದರೆ ಬಂದವರೇ, "ಸಿನಿಮಾ ಮುಗಿದ ಮೇಲೆ ನನ್ನ ತೀರ್ಮಾನ ಹೇಳ್ತೀನಿ, ಮತ್ತೆ ಮತ್ತೆ ಮಾತಾಡೋದು ಬೇಡ," ಎಂದರು. ಆ ತೀರ್ಮಾನ ಏನೆಂದು ಅವರ ಮುಖದ ಮೇಲೇ ಬರೆದಿತ್ತು. ನಮ್ಮ ಹುಡುಗಿ ಸೀಟಿನ ಕೈ ಬಿಗಿಯಾಗಿ ಹಿಡಿದು ಕೂತಳು.

ಅತ್ತೆಗೆ ತಮಿಳು ಒಂದಕ್ಷರ ಬಾರದು. "ಇವನ್ಯಾರು? ಅವನೇನಾ? ಮತ್ತೆ ಇವನು?" ಎಂದು ಪಕ್ಕದಲ್ಲಿದ್ದ ಆ ತಾಯಿಯನ್ನೇ ಕೇಳಿ ಕೇಳಿ ತಲೆ ತಿಂದರು. ಅಷ್ಟರಲ್ಲಿ ದೊಡ್ಡ ಮಗ ದೂರದ ಕೆಲಸಕ್ಕೆ ಹೋಗುತ್ತೇನೆಂದು ಅಪ್ಪನನ್ನು ಕೇಳುವ ದೃಶ್ಯ ಬಂತು. ಬಿಳಿ ಕೂದಲಿನ ಅಪ್ಪ ಆಗಲೆಂಬಂತೆ ತಲೆಯಾಡಿಸಿದ. ಎಡಗೈ ಮೆಲ್ಲಗೆ ಎದ್ದು, ತಲೆಯನ್ನು ಬಳಸಿ, ಬಲಗಿವಿಯನ್ನು ಹಿಡಿಯಿತು.

"ಅಣ್ಣಾ!" ಎಂದು ಅತ್ತೆ ಎದ್ದು ನಿಂತರು.

ಹಿಂದಿನವರು, "ಅಜ್ಜಿ, ಕೂತ್ಕೊಳಿ," ಎಂದು ಕೂಗಿದರು. ಅತ್ತೆ ಕೂರಲಿಲ್ಲ. ಭಾವನ ಭುಜ ಹಿಡಿದು ಅಲುಗಿಸಿದರು. "ನಿಮ್ಮಪ್ಪ ಕಣೋ! ನನ್ನನ್ನ ಗಂಡನ ಮನೆಗೆ ಕಳಿಸೋವಾಗ ಹಿಂಗೇ ಕಿವಿ ಹಿಡ್ಕೊಂಡು ನಿಂತಿದ್ದ. ಬಾಯಲ್ಲಿ ಹೂಂ ಅಂತಿದ್ದ, ಮನಸ್ಸಿರಲಿಲ್ಲ. ಈ ಸಿನಿಮಾದವನಿಗೆ ನಮ್ಮಣ್ಣ ಎಲ್ಲಿ ಸಿಕ್ಕಿದ?"

ಭಾವ ಪರದೆಯನ್ನೇ ನೋಡುತ್ತಿದ್ದರು. ಪರದೆಯ ಬೆಳಕಿನಲ್ಲಿ ಅವರ ಕೆನ್ನೆ ಒದ್ದೆಯಾಗಿದ್ದುದು ಕಂಡಿತು. ಹುಡುಗನ ತಾಯಿ ಅವರ ಕಡೆ ತಿರುಗಿದರು.

"ನಿಮ್ಮಪ್ಪ ಹೋದಾಗ ನಿಮಗೆಷ್ಟು ವಯಸ್ಸು?" ಎಂದು ಕೇಳಿದರು.

"ತೊಟ್ಟಿಲಲ್ಲಿದ್ದೆ," ಎಂದರು ಭಾವ.

"ಹಾಗಾದ್ರೆ ನೀವು ಯಾರನ್ನೂ ನೋಡಿ ಮಾಡಿದ್ದಲ್ಲ," ಎಂದು ತಮಗೆ ತಾವೇ ಎಂಬಂತೆ ಹೇಳಿಕೊಂಡರು ಆ ತಾಯಿ. ನಮ್ಮ ಹುಡುಗಿಯ ಕಡೆ ಬಗ್ಗಿ, "ನಿಮ್ಮಪ್ಪನ ಸಿನಿಮಾ ಜನಾನೂ ಬರಲಿ ಬಿಡಮ್ಮ. ಊಟಕ್ಕೆ ಮಾತ್ರ ಜಗಳ ಆಡಬಾರದು ಅಂತ ಹೇಳು," ಎಂದರು. ಹುಡುಗಿ ಅಲ್ಲೇ, ಆ ಕತ್ತಲಲ್ಲೇ ಅವರ ಕೈ ಹಿಡಿದುಕೊಂಡಳು. ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ, ನಾನೂ ಮೂಗೊರೆಸಿಕೊಂಡೆ.

ಸಿನಿಮಾ ಬಿಟ್ಟಾಗ ಎಲ್ಲರೂ ಮದುವೆಯ ಮಾತಾಡುತ್ತಾ ಬಾಗಿಲ ಕಡೆ ನಡೆದರು. ಭಾವ ಕಾಣಲಿಲ್ಲ. ಹುಡುಕಿಕೊಂಡು ಹೋದರೆ ಮುಂದಿನ ಆಟದ ಟಿಕೆಟ್ಟಿಗೆ ಸಾಲಿನಲ್ಲಿ ನಿಂತಿದ್ದರು.

"ಎಷ್ಟು ಸಲ ನೋಡ್ತೀರಿ ಭಾವ ನಿಮ್ಮ ಬೆನ್ನನ್ನ? ಬನ್ನಿ, ಎಲ್ಲರೂ ಕಾಯ್ತಿದ್ದಾರೆ," ಎಂದೆ.

"ನೀವೆಲ್ಲ ಹೋಗಿರಿ, ಹಿಂದೆನೇ ಬರ್ತೀನಿ," ಎಂದರು ಭಾವ. "ಅಪ್ಪನ್ನ ನೋಡಿದ್ದು ಇವತ್ತೇ ಕಣೋ. ಇನ್ನೊಂದ್ಸಲ ನೋಡ್ಕೊಂಡು ಬರ್ತೀನಿ."