ಸಮುದ್ರದಂಡೆಯ ಮಚ್ಛರದಾನಿ

ಮೊನ್ನೆ ನಮ್ಮ ದೊಡ್ಡವ್ವ ಅಟ್ಟದ ಮೇಲಿನ ಟ್ರಂಕಿನಿಂದ ಮಚ್ಛರದಾನಿ, ಅಂದರೆ ಸೊಳ್ಳೆಪರದೆ, ಇಳಿಸಲು ಹೇಳಿದಳು. ಸಂಜೆಗೆ ರಾಮದುರ್ಗದಿಂದ ಅವಳ ಮಗಳು ನೀಲಕ್ಕ ಬರುವವಳಿದ್ದಳು. ಮಳೆ ಹಿಂದೆ ಸರಿದು ಬೈಲಹೊಂಗಲದ ಗಟಾರಗಳಲ್ಲಿ ಗುಂಗಾಡಗಳು ಹೊಸ ಸಂಸಾರ ಹೂಡಿದ್ದವು. ಸೊಳ್ಳೆಗೆ ನಮ್ಮ ಕಡೆ ಗುಂಗಾಡ ಅನ್ನುತ್ತೇವೆ. ಸೊಳ್ಳೆ ಎಂದರೆ ಯಾರೋ ಬಡಕಲು ಪ್ರಾಣಿ ಕಣ್ಣಿಗೆ ಬರುತ್ತದೆ. ಗುಂಗಾಡ ಅಂದು ನೋಡಿ, ಅದಕ್ಕೆ ಮೀಸೆಯೂ ಇದೆ ಅನ್ನಿಸುತ್ತದೆ.

ಮಚ್ಛರದಾನಿಯನ್ನು ಅಂಗಳಕ್ಕೆ ತಂದು ಜಾಡಿಸಿದೆ. ಧೂಳು ಬಂತು. ಒಂದು ಸತ್ತ ಜಿರಲೆ ಬಂತು. ಕೊನೆಗೆ ಅಂಚಿನ ದಪ್ಪ ಮಡಿಕೆಯೊಳಗಿಂದ ಒಂದು ಚಿಟಿಕೆ ಉಸುಕು ಉದುರಿತು. ನಮ್ಮದು ಎರೆಮಣ್ಣಿನ ಊರು, ಕಾಲಿಗೆ ಮೆತ್ತಿದರೆ ಚಪ್ಪಲಿಯನ್ನೇ ಕಿತ್ತುಕೊಳ್ಳುವ ಕರಿ ಮಣ್ಣು. ಇದು ಬೇರೆ. ಬೆಳ್ಳಗೆ, ಮಿಣಮಿಣ ಮಿಂಚುವ ಉಸುಕು. ಇಷ್ಟು ವರ್ಷ, ಇಷ್ಟು ಸಲ ಒಗೆದರೂ ಮಡಿಕೆಯೊಳಗೆ ಅಡಗಿ ಕೂತಿತ್ತು. ನಾನು ಅದನ್ನು ನೋಡಿ ನಗತೊಡಗಿದೆ. ಒಳಗಿಂದ ದೊಡ್ಡವ್ವ, "ಏನೋ ಹುಚ್ಚಪ್ಯಾಲಿ, ಒಬ್ಬನ ನಗಾಕ ಹತ್ತೀದಿ?" ಅಂದಳು. ಅದೇ ದನಿಯಲ್ಲಿ ನಾನೂ, "ಏನೋ ಹುಚ್ಚಪ್ಯಾಲಿ" ಅಂದೆ. ಒಳಗಿಂದ ಒಂದು ಲಟ್ಟಣಿಗೆಯ ಸದ್ದಾಯಿತು. ನಾನು ಮಚ್ಛರದಾನಿಯ ಹಿಂದೆ ಅಡಗಿದೆ.

ಹೌದು, ನನಗೆ ಆ ಚಟ ಇದೆ. ಯಾರು ಹೇಗೆ ಮಾತಾಡುತ್ತಾರೋ ಹಾಗೆ ಮಾತಾಡುವುದು. ಕಾಲೇಜಿನ ಪ್ರಿನ್ಸಿಪಾಲರ ಕೆಮ್ಮು, ಸವದತ್ತಿ ಬಸ್ಸಿನ ಕಂಡಕ್ಟರನ ಸೀಟಿ, ದೊಡ್ಡಪ್ಪ ಚಹಾ ಹೀರುವ ಸದ್ದು, ಎಲ್ಲವೂ ನನ್ನ ಗಂಟಲಲ್ಲಿವೆ. ನನ್ನ ಸ್ವಂತ ದನಿ ಯಾವುದು ಎಂದು ಕೇಳಬೇಡಿ, ಹುಡುಕುತ್ತಿದ್ದೇನೆ. ಗುಂಗಾಡದ ದನಿಯಂತೂ ನಾನು ಎಷ್ಟು ಚೆನ್ನಾಗಿ ತೆಗೆಯುತ್ತಿದ್ದೆನೆಂದರೆ, ಹಿಂದಿನಿಂದ ಹೋಗಿ "ಗುಂಯ್" ಅಂದರೆ ಸಾಕು, ದೊಡ್ಡವ್ವ ತನ್ನ ಕೆನ್ನೆಗೆ ತಾನೇ ಪಟಾರನೆ ಬಾರಿಸಿಕೊಳ್ಳುತ್ತಿದ್ದಳು.

ಇರಲಿ, ಉಸುಕಿಗೆ ಬರೋಣ.

ನಾನು ಡಿಗ್ರಿ ಮೊದಲ ವರ್ಷದಲ್ಲಿದ್ದಾಗಿನ ಮಾತು. ಊರಲ್ಲಿ ಮೊಬೈಲು ಇನ್ನೂ ಕಾಲಿಟ್ಟಿರಲಿಲ್ಲ. ದೊಡ್ಡಪ್ಪ ಗೋಕರ್ಣಕ್ಕೆ ಹೋಗಿ, ದೇವರ ದರ್ಶನ ಮಾಡಿ, ಹಾಗೇ ಎರಡು ದಿನ ಸಮುದ್ರದ ದಂಡೆಯಲ್ಲಿ ಆರಾಮ ಇದ್ದು ಬರೋಣವೆಂದು ಗಾಡಿ ಹೇಳಿಬಿಟ್ಟಿದ್ದ. ಇಡೀ ಮನೆಯಲ್ಲಿ ಸಮುದ್ರ ನೋಡಿದವರು ಯಾರೂ ಇರಲಿಲ್ಲ. ನೀಲಕ್ಕ ತಿಂಗಳ ಮೊದಲೇ ಚೀಲ ಕಟ್ಟಿ ಇಟ್ಟಿದ್ದಳು. ಹೊರಡುವ ಹಿಂದಿನ ದಿನ ಸುದ್ದಿ ಬಂತು: ರಾಮದುರ್ಗದ ಬಟ್ಟೆ ಅಂಗಡಿಯವರು ಕನ್ಯೆ ನೋಡಲು ಬರುತ್ತಾರೆ, ನಾವು ತಿರುಗಿ ಬಂದ ಮರುದಿನವೇ.

"ಹಂಗಾರ ಗಾಡಿ ಬ್ಯಾಡ ಅನ್ರಿ" ಎಂದಳು ದೊಡ್ಡವ್ವ.

ಮಗ್ಗುಲ ಮನೆಯ ಲಾರಿ ಡ್ರೈವರ್ ಫಕೀರಪ್ಪ ಅವಳ ತಲೆ ಕೆಡಿಸಿದ್ದ. "ಅಲ್ಲೀ ಗುಂಗಾಡ ಅಂದ್ರ ಗುಂಗಾಡ ಅಲ್ರೀ ಅಕ್ಕಾರ, ಗುಬ್ಬಿ ಇದ್ದಂಗ ಇರ್ತಾವ. ಕಡದ್ರ ಮಾರಿ ಇಡ್ಲಿ ಆಕ್ಕೈತಿ" ಎಂದಿದ್ದ. ಕನ್ಯೆಯ ಮುಖ ಇಡ್ಲಿಯಾದರೆ ಗಂಡಿನ ಕಡೆಯವರು ಚಟ್ನಿ ಕೇಳುತ್ತಾರೆಯೇ ಹೊರತು ಒಪ್ಪಿಗೆ ಹೇಳುತ್ತಾರೆಯೇ?

ನೀಲಕ್ಕ ಹಟ ಮಾಡುವವಳಲ್ಲ. ಅವತ್ತು ಮಾತ್ರ ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತಳು. "ಅವ್ವಾ, ಲಗ್ನ ಆದಮ್ಯಾಲ ರಾಮದುರ್ಗದಾಗೊಂದು ಮನಿ, ಬೈಲಹೊಂಗಲದಾಗೊಂದು ಮನಿ, ನಡುವ ಸವದತ್ತಿ ಬಸ್‌ಸ್ಟ್ಯಾಂಡು. ಇಷ್ಟ ನನ್ನ ಜಗತ್ತು. ಅದಕಿಂತ ಮೊದಲ ಒಮ್ಮಿ ಸಮುದ್ರದಾಗ ಕಾಲ ಇಟ್ಟ ಬರ್ತೇನಿ. ಒಮ್ಮಿ ಸಾಕು."

ದೊಡ್ಡವ್ವ ಮಗಳ ಮುಖ ನೋಡಿದಳು. "ಆತು. ಆದ್ರ ಮಾರಿ ಮ್ಯಾಲ ಒಂದ ಗುಳ್ಳಿ ಎದ್ರೂ ನಾ ಯಾರನ್ನೂ ಬಿಡೂದಿಲ್ಲ."

ಆ ಗಳಿಗೆಯಿಂದ ಅದು ಪ್ರವಾಸವಾಗಿ ಉಳಿಯಲಿಲ್ಲ, ದಂಡಯಾತ್ರೆಯಾಯಿತು. ಗಾಡಿಯ ಮೇಲೆ ಒಣ ಬೇವಿನೆಲೆಯ ಮೂಟೆ ಏರಿತು. ಒಂದು ಚೀಲ ಸೆಗಣಿಯ ಕುಳ್ಳು ಏರಿತು. ಕುಳ್ಳು ಹಾಕಿ ಹೊಗೆ ಎಬ್ಬಿಸಲು ಕಬ್ಬಿಣದ ಬುಟ್ಟಿ ಏರಿತು. ಡಬ್ಬಿಯಲ್ಲಿ ಬೇವಿನ ಎಣ್ಣೆಗೆ ವಿಭೂತಿ ಕಲಸಿದ ಮುಲಾಮು. ಇದು ದೊಡ್ಡವ್ವನ ಸ್ವಂತ ಸಂಶೋಧನೆ, ಕಡಿಯಲು ಬಂದದ್ದು ದೇವರಿಗಾದರೂ ಹೆದರಲಿ ಎಂದು. ಎಲ್ಲದರ ಮೇಲೆ ಈ ಮಚ್ಛರದಾನಿ, ಅದರ ನಾಲ್ಕು ಬಡಿಗೆಗಳ ಸಮೇತ. ಕಿತ್ತೂರು ದಾಟುವಾಗ ಚಹಾ ಕುಡಿಯಲು ನಿಂತರೆ ಹೋಟೆಲಿನವನು, "ದನದ ಜಾತ್ರಿಗೆ ಹೊಂಟೀರೇನ್ರಿ?" ಎಂದು ಕೇಳಿದ. ದೊಡ್ಡಪ್ಪ ಗಂಭೀರವಾಗಿ, "ಹೌದ್ರಿ, ಇವನ್ನ ಮಾರಾಕ ಹೊಂಟೇವಿ" ಎಂದು ನನ್ನನ್ನು ತೋರಿಸಿದ.

ಸಮುದ್ರವನ್ನು ಮೊದಲು ಕಂಡ ಗಳಿಗೆಯನ್ನು ನಾನು ವರ್ಣಿಸಲಾರೆ, ಯಾಕೆಂದರೆ ನಾನು ಕಾಣಲಿಲ್ಲ. ಬೇವಿನ ಮೂಟೆ ಇಳಿಸುತ್ತಿದ್ದೆ. ದೊಡ್ಡಪ್ಪ ಮಾತ್ರ ಸೊಂಟದ ಮೇಲೆ ಕೈಯಿಟ್ಟು, "ಎಷ್ಟ ನೀರಪಾ! ಒಂದ ಪಂಪಸೆಟ್ ಇದ್ದಿದ್ರ" ಎಂದು ನಿಟ್ಟುಸಿರು ಬಿಟ್ಟದ್ದು ಕೇಳಿಸಿತು.

ನೀಲಕ್ಕ ನೇರ ನೀರಿನ ಕಡೆಗೆ ಹೊರಟಿದ್ದಳು. ದೊಡ್ಡವ್ವ ಸೆರಗು ಹಿಡಿದು ನಿಲ್ಲಿಸಿದಳು. "ಈಗ ಬಿಸಲ ಐತಿ, ಮಾರಿ ಕರ್ರಗಾಗತೈತಿ. ಸಂಜೀಮುಂದ ನೋಡೂನು."

ಈಗ ನಮ್ಮೂರಿನ ಒಂದು ಪದ್ಧತಿ ಹೇಳಬೇಕು, ಇಲ್ಲದಿದ್ದರೆ ಮುಂದಿನ ಅನಾಹುತ ನಿಮಗೆ ತಿಳಿಯದು. ನಮ್ಮಲ್ಲಿ ದೀಪ ಹಚ್ಚುವ ಹೊತ್ತಿಗೆ ಗುಂಗಾಡಗಳು ಹೊರಗಿಂದ ಮನೆಯೊಳಗೆ ಬರುತ್ತವೆ. ಅದಕ್ಕೇ ಆ ಹೊತ್ತಿಗೆ ಒಳಗೆ ಬೇವಿನ ಹೊಗೆ ಹಾಕಿ, ಬಾಗಿಲು ಕಿಟಕಿ ಮುಚ್ಚಿ, ಮನೆ ಮಂದಿಯೆಲ್ಲ ಹೊರಗಿನ ಕಟ್ಟೆಯ ಮೇಲೆ ಗಾಳಿಗೆ ಕೂರುತ್ತೇವೆ. ಹೊಗೆ ಆರಿದ ಮೇಲೆ ಒಳಗೆ. ನಮ್ಮಜ್ಜನ ಅಜ್ಜಿಯ ಕಾಲದಿಂದ ಹೀಗೇ. ಇದು ತಪ್ಪಾಗಬಹುದೆಂದು ನಮ್ಮ ವಂಶದಲ್ಲಿ ಯಾರಿಗೂ ಹೊಳೆದಿಲ್ಲ.

ಹೊತ್ತು ಮುಳುಗುವ ಮುಂದೆ ದೊಡ್ಡವ್ವ ನಾವು ಬಾಡಿಗೆ ಹಿಡಿದಿದ್ದ ಕೋಣೆಯಲ್ಲಿ ಕುಳ್ಳು ಹೊತ್ತಿಸಿ, ಬೇವಿನ ತಪ್ಪಲು ಸುರಿದು, ಬಾಗಿಲು ಜಡಿದಳು. ನಮ್ಮನ್ನೆಲ್ಲ ಉಸುಕಿನ ಮೇಲೆ ಸಾಲಾಗಿ ಕೂರಿಸಿದಳು. ನಡುವೆ ನಾಲ್ಕು ಬಡಿಗೆ ನೆಟ್ಟು ಮಚ್ಛರದಾನಿ ಕಟ್ಟಿ, ಮುಖಕ್ಕೆಲ್ಲ ಮುಲಾಮು ಬಳಿದ ನೀಲಕ್ಕನನ್ನು ಅದರೊಳಗೆ ಕೂರಿಸಿ, ಅಂಚಿನ ಸುತ್ತ ಉಸುಕು ಹೇರಿದಳು. ಬಿಳಿ ಪರದೆ, ಒಳಗೆ ವಿಭೂತಿಯ ಮುಖ, ಹಿಂದೆ ಕೆಂಪು ಸೂರ್ಯ. ದಾರಿಯಲ್ಲಿ ಹೋಗುತ್ತಿದ್ದ ಯಾತ್ರಿಕರ ಗುಂಪೊಂದು ನಿಂತಿತು. ಒಬ್ಬ ಮುದುಕಿ ಕೈ ಮುಗಿದು, ಎದುರಿಗೆ ಎರಡು ಬಾಳೆಹಣ್ಣಿಟ್ಟು ಹೋದಳು.

"ಅಕ್ಕಾ, ವರಾ ಕೊಡು" ಅಂದೆ ನಾನು.

"ನಿನ್ನ ಬಾಯಾಗ ಮಣ್ಣ ಬೀಳಲಿ" ಎಂದಳು ದೇವಿ. ಪರದೆಯ ಕೆಳಗಿಂದ ಕೈ ಹೊರಬಂದು ಬಾಳೆಹಣ್ಣು ಒಳಗೆ ಹೋಯಿತು.

ಆಗ ಗಾಳಿ ನಿಂತಿತು. ಮೊದಲು ದೊಡ್ಡಪ್ಪ ಕಾಲು ಕೆರೆದುಕೊಂಡ. ಆಮೇಲೆ ನಾನು. ನಾನು ಬೀಚಿಗೆಂದೇ ಹೊಸ ಅರ್ಧ ಚಡ್ಡಿ ಹೊಲಿಸಿದ್ದೆ. ಹಿಂದಿ ಸಿನಿಮಾದ ಹೀರೋನಂತೆ ಕಾಲು ಚಾಚಿ ಕೂತಿದ್ದೆ. ಸದ್ದಿಲ್ಲ, ಸುಳಿವಿಲ್ಲ, ಕಣ್ಣಿಗೂ ಕಾಣದು. ಉಸುಕಿನೊಳಗಿಂದಲೇ ಎದ್ದು ಸಾವಿರ ಸೂಜಿ ಚುಚ್ಚಿದಂತೆ! ನೋಡನೋಡುತ್ತ ಮೊಣಕಾಲ ಕೆಳಗೆ ಕಾಲು ಹೋಗಿ ಜೋಳದ ತೆನೆ ಬಂತು. ದೊಡ್ಡವ್ವ ತನ್ನ ಕಾಲು, ಕುತ್ತಿಗೆ, ಕಣ್ಣಿನ ರೆಪ್ಪೆ ಎಲ್ಲ ಬಡಿದುಕೊಳ್ಳುತ್ತ, "ನಮ್ಮೂರ ಗುಂಗಾಡ ಮರ್ಯಾದಸ್ಥರೋ! ಕಿವ್ಯಾಗ ಬಂದು ಹೇಳಿ ಕಡೀತಾವ. ಇವು ಕಳ್ಳರೋ, ಕಳ್ಳರು!" ಎಂದು ಕೂಗಿದಳು. ಆದರೂ ಒಂದು ಕೈ ಮಾತ್ರ ಮಚ್ಛರದಾನಿಯ ಅಂಚನ್ನು ಒತ್ತಿ ಹಿಡಿದೇ ಇತ್ತು.

ಅಷ್ಟರಲ್ಲಿ ಕೋಣೆಯ ಮಾಲೀಕ ಕೊಡ ಹಿಡಿದು ಓಡಿ ಬಂದ. "ಎಂತ ಮಾರಾಯ್ರೆ! ಮನೆಗೆ ಬೆಂಕಿ ಬಿತ್ತು ಅಂದ್ಕಂಡೆ!" ನಮ್ಮನ್ನು ನೋಡಿ ಅವನಿಗೆ ನಗು ತಡೆಯಲಿಲ್ಲ. "ಸಂಜೆಗೆ ಉಸುಕಿನ ನುಸಿ ಏಳ್ತು ಅಂತ ಎಲ್ಲರೂ ಎದ್ದು ಒಳಗೆ ಓಡ್ತ್ರು. ನೀವು ಒಳಗಿಂದ ಬಂದು ಉಸುಕಲ್ಲೇ ಕೂತಿದ್ರಲ್ಲ!"

ಓಡಿದೆವು. ಒಳಗೆ ಹೋದರೆ ಹೊಗೆ, ಹೊರಗೆ ಬಂದರೆ ಸೂಜಿ. ಬಾಗಿಲಲ್ಲಿ ನಿಂತು ಅರ್ಧ ಕೆಮ್ಮಿದೆವು, ಅರ್ಧ ಕುಣಿದೆವು. ನೀಲಕ್ಕ ಮಚ್ಛರದಾನಿಯನ್ನು ಹೊದ್ದುಕೊಂಡೇ ಬಂದಳು. ಮರುದಿನ ಬೆಳಿಗ್ಗೆ ದೊಡ್ಡವ್ವ ಎದ್ದವಳೇ, ಒಂದು ಕಣ್ಣು ಮುಚ್ಚಿಹೋಗಿದ್ದ ಮುಖದಿಂದ, "ಹೋಗೂನು ನಡೀರಿ" ಎಂದಳು. ಎರಡು ದಿನದ ಆರಾಮು ಒಂದೇ ಸಂಜೆಗೆ ಮುಗಿಯಿತು. ಗಾಡಿ ಘಟ್ಟ ಏರುವಾಗ ನಾನು ಎಲ್ಲರ ಕುಣಿತವನ್ನು ಒಬ್ಬೊಬ್ಬರದಾಗಿ ಮಾಡಿ ತೋರಿಸಿದೆ. ಕಡಿತದ ಮೇಲೆ ಕಡಿತ ಕೆರೆಯುತ್ತ ಎಲ್ಲರೂ ಬಿದ್ದುಬಿದ್ದು ನಕ್ಕರು. ನೀಲಕ್ಕ ನಗಲಿಲ್ಲ. ಹಿಂದಿನ ಗಾಜಿನಿಂದ ನೋಡುತ್ತಲೇ ಇದ್ದಳು. ಅಲ್ಲಿ ನೋಡಲು ಆಗಲೇ ಬರೀ ಗಿಡಗಳಿದ್ದವು.

ಅವಳ ಮುಖದ ಮೇಲೆ ಮಾತ್ರ ಒಂದು ಗುಳ್ಳೆಯೂ ಇರಲಿಲ್ಲ.

ಕನ್ಯೆ ನೋಡುವ ದಿನ ದೊಡ್ಡವ್ವ ಅಪ್ಪಣೆ ಹೊರಡಿಸಿದಳು: ಬೀಗರ ಎದುರು ಯಾರೂ ಮೈ ಕೆರೆಯಕೂಡದು. ಕೆರೆಯುವುದನ್ನು ಕಂಡರೆ ಮನೆತನಕ್ಕೇ ಏನೋ ರೋಗ ಎಂದುಕೊಳ್ಳುತ್ತಾರೆ. ನೀವು ಎಂದಾದರೂ ಹಾಗೆ ಕೂತಿದ್ದೀರಾ? ತಪಸ್ಸು ಅಂದರೆ ಅದು. ರಾಮದುರ್ಗದಿಂದ ಹುಡುಗ, ಅವನ ಅಜ್ಜ, ಇನ್ನೊಂದಿಬ್ಬರು ಬಂದಿದ್ದರು. ಶಿರಾ ಬಂತು, ಚಹಾ ಬಂತು. ನೀಲಕ್ಕ ತಲೆ ತಗ್ಗಿಸಿ ಚಾಪೆಯ ಮೇಲೆ ಕೂತಳು. ನಾವೆಲ್ಲ ಗೋಡೆಗೆ ಸಾಲಾಗಿ, ಕಂಪನಿ ನಾಟಕದಲ್ಲಿ ಮಾತಿಲ್ಲದ ಪಾತ್ರಧಾರಿಗಳಂತೆ, ಕಣ್ಣಲ್ಲಿ ನೀರು ತುಂಬಿಕೊಂಡು ಕೂತಿದ್ದೆವು. ದೊಡ್ಡಪ್ಪನ ಕಾಲ ಹೆಬ್ಬೆರಳು ಇನ್ನೊಂದು ಕಾಲಿನ ಹಿಮ್ಮಡಿಯ ಕಡೆಗೆ ಇರುವೆಯಂತೆ ಹರಿದು ಹೋಗುತ್ತಿತ್ತು.

ಆಗ, "ಗುಂಯ್."

ಎಲ್ಲರೂ ನನ್ನ ಕಡೆ ನೋಡಿದರು. ದೇವರಾಣೆ, ಅದು ನಾನಲ್ಲ. ಅಪ್ಪಟ ಬೈಲಹೊಂಗಲದ ಗುಂಗಾಡ. ಹಾಡುತ್ತ ಬಂದು ದೊಡ್ಡಪ್ಪನ ಬೋಳು ತಲೆಯ ನಡುವೆ ಇಳಿಯಿತು. ದೊಡ್ಡವ್ವನ ಕೈ ಅವಳನ್ನು ಕೇಳದೆಯೇ ಎದ್ದಿತು. ಪಟಾರ್! ಬೀಗರ ಎದುರು, ಗಂಡನ ತಲೆಗೆ!

ಹುಡುಗನ ಅಜ್ಜ ಚಹಾದ ಕಪ್ಪು-ಬಸಿ ಕೆಳಗಿಟ್ಟ. "ಯಜಮಾನ್ರ, ತಪ್ಪ ತಿಳೀಬ್ಯಾಡ್ರಿ. ಹುಡುಗಿ ಬಂಗಾರದಂಗ ಅದಾಳ. ಆದ್ರ ನಿಮಗೆಲ್ಲಾ ಇದೇನ ಆಗೇತ್ರಿ?"

ದೊಡ್ಡಪ್ಪನಿಗೆ ತಡೆಯಲಾಗಲಿಲ್ಲ. ಎರಡೂ ಕೈಯಿಂದ ಮೈ ಕೆರೆಯುತ್ತ ಕುಳ್ಳಿನಿಂದ ಬಾಳೆಹಣ್ಣಿನವರೆಗೆ ಎಲ್ಲ ಹೇಳಿಬಿಟ್ಟ. ನಾವೂ ಕೆರೆದೆವು. ಆ ಸುಖ! ಬೀಗರು ಹೊಟ್ಟೆ ಹಿಡಿದು ನಕ್ಕರು. ನಗು ಇಳಿದ ಮೇಲೆ ಆ ಹುಡುಗ ನೀಲಕ್ಕನ ಕಡೆ ತಿರುಗಿ ಮೊದಲ ಸಲ ಬಾಯಿ ಬಿಟ್ಟ. "ಸಮುದ್ರ ಹೆಂಗಿತ್ರಿ?"

ನಮ್ಮಲ್ಲಿ ಯಾರೂ ಅವಳಿಗೆ ಇದನ್ನು ಕೇಳಿರಲಿಲ್ಲ. ನೀಲಕ್ಕ ತಲೆ ಎತ್ತಿದಳು.

"ಬಿಳೀ ಇತ್ತರಿ" ಎಂದಳು. "ಸಣ್ಣ ಸಣ್ಣ ಚೌಕಾಗಿ ಕಾಣಿಸ್ತು. ಮಚ್ಛರದಾನಿ ಒಳಗಿಂದ ನೋಡಿದ್ನಿ."

"ಕಾಲ ಇಡಲಿಲ್ಲ?"

"ಇಲ್ರಿ."

ದೊಡ್ಡವ್ವನ ಬಾತ ಕಣ್ಣಿನಿಂದ ಒಂದು ಹನಿ ಇಳಿಯಿತು. ಇನ್ನೊಂದು ಕಣ್ಣು ಸಿಟ್ಟಿನಿಂದ ಕೆಂಪಾಗಿತ್ತು, ಆ ಸಿಟ್ಟು ತನ್ನ ಮೇಲೆಯೇ. ಎದ್ದು ನಿಂತಳು. "ನೋಡ್ರಿ ಬೀಗರ, ಹುಡುಗಿ ನಿಮಗ ಒಪ್ಪಿಗಿ ಆಗಲಿ, ಬಿಡಲಿ. ಈ ಐತವಾರ ನಾ ಈಕಿನ್ನ ಮತ್ತ ಸಮುದ್ರಕ್ಕ ಕರಕೊಂಡ ಹೋಗಾಕಿ. ಮಾರಿ ಇಡ್ಲಿ ಆದ್ರ ಇಡ್ಲಿನ ಆಗಲಿ!"

ಅಜ್ಜ ಗಂಟಲು ಸರಿಮಾಡಿಕೊಂಡ. "ನಾನೂ ನೋಡಿಲ್ಲ ಯವ್ವಾ, ಸಮುದ್ರ. ಗಾಡ್ಯಾಗ ನಮಗೂ ಒಂದೀಟ ಜಾಗಾ ಇಡ್ರಿ."

ಹೋದೆವು. ಕುಳ್ಳು ಒಯ್ಯಲಿಲ್ಲ, ಮಚ್ಛರದಾನಿ ಒಯ್ಯಲಿಲ್ಲ. ನೀಲಕ್ಕ ಮೊಣಕಾಲುದ್ದ ನೀರಿಗಿಳಿದು, ಅಲೆ ಬಂದಾಗೊಮ್ಮೆ ಕಿರುಚಿದಳು. ಪಕ್ಕದಲ್ಲಿ ಅಜ್ಜ ಧೋತರ ಎತ್ತಿ ಹಿಡಿದು ಅವಳಿಗಿಂತ ಜೋರಾಗಿ ಕಿರುಚಿದ. ಸಂಜೆಯಾದರೂ ಇಬ್ಬರೂ ಮೇಲೆ ಬರಲಿಲ್ಲ. ನಿಶ್ಚಿತಾರ್ಥದ ಫೋಟೋದಲ್ಲಿ ನೀಲಕ್ಕನ ಮೂಗಿನ ಮೇಲೆ ಒಂದು ಗುಳ್ಳೆ ಮೂಗುಬೊಟ್ಟಿಗಿಂತ ಚೆನ್ನಾಗಿ ಹೊಳೆಯುತ್ತದೆ. ಅಜ್ಜನ ಮೂಗಿನ ಮೇಲೂ ಒಂದಿದೆ.

ಇಷ್ಟೆಲ್ಲ ನೆನೆಯುತ್ತ ನಾನು ಮೊನ್ನೆ ಅಂಗಳದಲ್ಲಿಯೇ ಮಚ್ಛರದಾನಿ ಕಟ್ಟಿ ಒಳಗೆ ಕೂತೆ, ನೀಲಕ್ಕ ಬಂದೊಡನೆ ಅವಳದೇ ನಕಲು ತೋರಿಸೋಣವೆಂದು. ಕಣ್ಣೆತ್ತಿ ನೋಡಿದರೆ ತುಳಸಿಕಟ್ಟೆ, ಬಾಗಿಲು, ದೀಪ ಹಿಡಿದು ಬರುತ್ತಿದ್ದ ದೊಡ್ಡವ್ವ, ಎಲ್ಲ ಬಿಳಿ ಬಿಳಿ, ಸಣ್ಣ ಸಣ್ಣ ಚೌಕ. "ಬಿಳೀ ಇತ್ತರಿ" ಎಂದು ಅವಳ ದನಿಯಲ್ಲಿ ಹೇಳಲು ಹೋದೆ. ಊರಿನ ಎಲ್ಲರ ದನಿಯೂ ಬರುವ ನನಗೆ ಅದೊಂದು ಬರಲಿಲ್ಲ. ಬಂದದ್ದು ಬೇರೊಂದು ದನಿ. ಬಹುಶಃ ನನ್ನದೇ ಇರಬೇಕು.

ಪರದೆ ಎತ್ತಿ ಹಾಕಿದೆ. ಹೊರಗೆ ನೀಲಕ್ಕನ ಗಾಡಿಯ ಸದ್ದಾಯಿತು. ಕಿವಿಯ ಹತ್ತಿರ ಯಾರೋ "ಗುಂಯ್" ಎಂದು ಕೇಳಿದರು.

"ಬಾರಪಾ" ಅಂದೆ. ನಮ್ಮೂರಿನವನು, ಮರ್ಯಾದಸ್ಥ. ಹೇಳಿಯೇ ಕಡಿದ.